ಬೊಕ್ಕಬಾಯಿಗೆ ಮೊದಲ ಸ್ಥಾನ

ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಐಸ್ ಹಾಕಿ ಆಟಗಾರ ಯಾರು ಎಂಬ ಗಹನವಾದ ಪ್ರಶ್ನೆಗೆ ಇಡೀ ಸಿಂದಗಿಯಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು!

ಊರಿಗೆ ಕೇಬಲ್ ಟಿವಿ ಬಂದ ಹೊಸತು. ನನ್ನದು ಸಿಮೆಂಟ್ ಅಂಗಡಿ. ಬೇಸಿಗೆಯ ಮಧ್ಯಾಹ್ನ ಗಿರಾಕಿ ಹಾಗಿರಲಿ, ನಾಯಿಯೂ ರಸ್ತೆಗೆ ಇಳಿಯುತ್ತಿರಲಿಲ್ಲ. ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಚಾನೆಲ್ ತಿರುವುತ್ತಿದ್ದಾಗ ಒಂದು ದಿನ ಪರದೆಯ ತುಂಬ ಬರ್ಫ! ನಮ್ಮ ಕಡೆ ಬರ್ಫವೆಂದರೆ ಸೋಡಾ ಅಂಗಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿರುವ ಒಂದು ತುಂಡು. ಅಲ್ಲಿ ಮೈದಾನವೇ ಬರ್ಫ. ಅದರ ಮೇಲೆ ಕಾಲಿಗೆ ಕತ್ತಿ ಕಟ್ಟಿಕೊಂಡ ದಾಂಡಿಗರು ಕೋಲು ಹಿಡಿದು ಒಂದು ಕರಿ ಬಿಲ್ಲೆಯ ಹಿಂದೆ ಧಾವಿಸುತ್ತಿದ್ದರು. ನೋಡುತ್ತ ಕುಳಿತರೆ ಮೈ ತಂಪಾಗುತ್ತಿತ್ತು. ಒಂದು ತಿಂಗಳು ನೋಡಿದೆ. ತಜ್ಞನಾದೆ.

ಆಟದ ನಿಯಮ ನನಗೆ ತಿಳಿಯಲಿಲ್ಲ. ಬೆನ್ನ ಮೇಲಿನ ಹೆಸರು ಓದುವಷ್ಟರಲ್ಲಿ ಆಟಗಾರ ಆಚೆ ಕಡೆ ಹೋಗಿ ಮುಟ್ಟಿರುತ್ತಿದ್ದ. ಇಂಥ ಸಣ್ಣಪುಟ್ಟ ಕೊರತೆಗಳಿಂದ ಎದೆಗುಂದುವ ವಿದ್ವಾಂಸ ನಾನಲ್ಲ. ನಾನೇ ಒಬ್ಬೊಬ್ಬರಿಗೂ ನಾಮಕರಣ ಮಾಡಿದೆ. ಒಬ್ಬ ಕೆಂಪುಗಡ್ಡ, ಒಬ್ಬ ಸೊಟ್ಟಮೂಗ. ಎಲ್ಲರಿಗಿಂತ ಮೇಲೆ ಬೊಕ್ಕಬಾಯಿ. ನಕ್ಕರೆ ಅವನ ಬಾಯಲ್ಲಿ ಮುಂದಿನ ಹಲ್ಲು ಒಂದೂ ಇರಲಿಲ್ಲ. ಆಟಕ್ಕಾಗಿ ಯಾರು ಹೆಚ್ಚು ಹಲ್ಲು ಕೊಟ್ಟಿದ್ದಾರೋ ಅವರೇ ಹೆಚ್ಚು ಶ್ರೇಷ್ಠರು ಎಂಬ ನನ್ನ ಸಿದ್ಧಾಂತವನ್ನು ಟಿವಿ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಕ್ರಮವಾಗಿ ಸ್ಥಾನಗಳನ್ನೂ ಹಂಚಿಬಿಟ್ಟೆ.

"ಗ್ವಾಡಿ ತುಂಬ ಕಂಡೋರ ಹಲ್ಲಿನ ಲೆಕ್ಕ ಬರಕೋತ ಕುಂದರ್ರಿ," ಎಂದಳು ನನ್ನ ಹೆಂಡತಿ ಶಾಂತಾ. "ಮನ್ಯಾಗ ತಮ್ಮ ಲಗ್ನಕ್ಕ ಬಂದಾನ, ಅದರ ಖಬರ್ ಐತೇನು ನಿಮಗ?"

ಖಬರಿತ್ತು. ನನ್ನ ತಮ್ಮ ಬಸು ಬಂಗಾರದಂಥ ಹುಡುಗ. ನಾನು ಹಾಕಿದ ಗೆರೆ ದಾಟಿದವನಲ್ಲ. ಇಂಡಿ ಊರಿನ ಹುಡುಗಿ ಸುಮಾಳನ್ನು ನೋಡಿ ಬಂದ ದಿನ ಮಾತ್ರ ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಬಿಟ್ಟು ಕೇಳಿದ್ದ: "ಅಣ್ಣಾ, ಈ ಹುಡಿಗಿ ಆದ್ರ ಲಗ್ನ. ಇಲ್ಲಾಂದ್ರ ನನಗ ಲಗ್ನಾನ ಬ್ಯಾಡ." ಹುಡುಗಿಗೂ ಮನಸ್ಸಿತ್ತು. ಇನ್ನು ಉಳಿದದ್ದು ಒಂದೇ. ರವಿವಾರ ಅವರ ಕಡೆಯವರು ನಮ್ಮ ಮನೆ ನೋಡಲು ಬರಬೇಕು, ಹುಡುಗಿಯ ಸೋದರಮಾವ ಹೂಂ ಅನ್ನಬೇಕು. ಆತ ತಾಳಿಕೋಟೆ ಸಂತೆಯಲ್ಲಿ ಎತ್ತಿನ ದಲಾಲಿ. ಅವನು ಬೇಡ ಅಂದದ್ದನ್ನು ಆ ಮನೆಯಲ್ಲಿ ಯಾರೂ ಕೊಳ್ಳುವುದಿಲ್ಲ ಎಂದು ಕೇಳಿದ್ದೆವು.

ರವಿವಾರ ಬೆಳಿಗ್ಗೆ ಶಾಂತಾ ಅಂಗಳದ ಪರಸಿ ಕಲ್ಲಿಗೆ ಸಾಬೂನು ನೀರು ಸುರಿದು, ತಿಕ್ಕಿ, ಒಳಗೆ ಹೋಗಿದ್ದಳು. ಅಷ್ಟರಲ್ಲಿ ಬಂದರು ಪಕ್ಕದ ಮನೆಯ ಗುರುಪಾದ ಮಾಸ್ತರರು. ಅವರೂ ನನ್ನ ಜೊತೆ ಮಧ್ಯಾಹ್ನ ಟಿವಿ ನೋಡಿ ತಜ್ಞರಾದವರೇ. ಗೋಡೆ ನೋಡಿ ಮೂಗು ಮುರಿದರು.

"ತಪ್ಪೈತ್ರಿ ಇದು. ಮೊದಲನೇ ನಂಬರ್ ಗೋಲಿಗೆ ನಿಂತವಗ ಕೊಡಬೇಕು. ಮೈಗೆಲ್ಲಾ ಗಾದಿ ಕಟಗೊಂಡು ನಿಂತಿರ್ತಾನಲ್ಲ, ಅಂವಗ."

"ನಿಂತವಗ ಏನು ನಂಬರ್ರೀ ಮಾಸ್ತರ? ಬೊಕ್ಕಬಾಯಿ ಹೊಡದ್ರ ಯಾರೂ ತಡಿಯಾಕ ಆಗೂದಿಲ್ಲ!"

"ತಡೀತಾನ!"

"ಆಗೂದಿಲ್ಲ!"

ಸುಶಿಕ್ಷಿತರಾದ ನಾವು ಇಂಥ ವಿವಾದವನ್ನು ಪ್ರಯೋಗದಿಂದ ಬಗೆಹರಿಸಬೇಕೆಂದು ನಿರ್ಧರಿಸಿದೆವು. ಅಂಗಳದಲ್ಲಿ ಸಾಬೂನಿನ ಪರಸಿ ತಯಾರಿತ್ತು. ಬರ್ಫಕ್ಕಿಂತ ಒಂದು ಕೈ ಮೇಲು. ಹಿಡಿಕೆ ಬಾಗಿದ ನನ್ನ ಛತ್ರಿಯೇ ಕೋಲು. ಬಿಲ್ಲೆಗೆ ಬೂಟ್ ಪಾಲಿಶಿನ ಖಾಲಿ ಡಬ್ಬಿಯೊಂದರಲ್ಲಿ ಸಿಮೆಂಟ್ ತುಂಬಿ ಮೊದಲೇ ಗಟ್ಟಿ ಮಾಡಿ ಇಟ್ಟಿದ್ದೆ. ನಮ್ಮ ಅಂಗಡಿಯ ಸಿಮೆಂಟ್ ಗಟ್ಟಿತನಕ್ಕೆ ಹೆಸರಾದದ್ದು! ಮಾಸ್ತರರಿಗೆ ಮೊಣಕಾಲು ನೋವು. ಗೋಲಿಗೆ ನಿಲ್ಲಲು ಉಳಿದವನು ಬಸು. ಹೊಸ ಅಂಗಿ ಹಾಕಿಕೊಂಡು ಕನ್ನಡಿ ಮುಂದಿದ್ದವನನ್ನು ಎಳೆದು ತಂದು ಎದೆಗೆ ಒಂದು ತಲೆದಿಂಬು ಕಟ್ಟಿದೆ.

"ಅಣ್ಣಾ, ಮಾರಿಗೆ?" ಎಂದ ಮುಖ ಮುಟ್ಟಿಕೊಂಡು.

"ಮಾರಿಗೇನೂ ಆಗೂದಿಲ್ಲ ನಿಲ್ಲಪಾ," ಎಂದೆ.

ಬೊಕ್ಕಬಾಯಿಯನ್ನು ನೆನೆದು ಛತ್ರಿ ಬೀಸಿದೆ. ನನ್ನ ಎರಡೂ ಕಾಲು ಆಕಾಶಕ್ಕೆ ಹೋದವು. ಡಬ್ಬಿ ಎಲ್ಲಿ ಹೋಯಿತೆಂದು ಬೆನ್ನ ಮೇಲೆ ಬಿದ್ದಿದ್ದ ನನಗೆ ಕಾಣಲಿಲ್ಲ, ಆದರೆ ಕೇಳಿಸಿತು. ಟಕ್!

"ತಡದ! ತಡದ! ನಾ ಹೇಳಿದ್ದಿಲ್ಲಾ?" ಮಾಸ್ತರರು ಚಪ್ಪಾಳೆ ಹೊಡೆಯುತ್ತಿದ್ದರು. ಬಸು ತಡೆದಿದ್ದ, ನಿಜ. ಬಾಯಿಂದ ತಡೆದಿದ್ದ. ಮುಂದಿನ ಮೇಲ್ಹಲ್ಲು ಅಂಗೈಯಲ್ಲಿತ್ತು.

ಶಾಂತಾ ಹೊರಗೆ ಬಂದು ನೋಡಿದಳು. ಬೈಯಲಿಲ್ಲ. ಅವಳು ಬೈಯದೇ ಇದ್ದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. "ಇಂಡಿ ಜೀಪು ಇನ್ನೇನು ಬರ್ತದ," ಎಂದಷ್ಟೇ ಹೇಳಿ ಬಸುವಿನ ಬಾಯಿಗೆ ಅರಿಶಿಣ ಒತ್ತಿದಳು.

ನನ್ನ ತಲೆ ಆಗಲೂ ಕೆಲಸ ಮಾಡುತ್ತಲೇ ಇತ್ತು. ಅದೇ ಅದರ ರೋಗ. ರಕ್ತ ನಿಂತ ಮೇಲೆ ತಮ್ಮನಿಗೆ ಅಪ್ಪಣೆ ಕೊಟ್ಟೆ: "ಏನು ಕೇಳಿದ್ರೂ ಬಾಯಿ ತಗೀಬ್ಯಾಡ. ಬರೇ ಗೋಣು ಹಾಕು."

ಬಂದರು. ಸೋದರಮಾವ ದೊಡ್ಡ ರುಮಾಲಿನ, ದೊಡ್ಡ ಮೀಸೆಯ ಆಸಾಮಿ. ಊರು ಕೇಳಿದರೆ ಬಸು ಗೋಣು ಹಾಕಿದ, ಓದು ಕೇಳಿದರೆ ಗೋಣು ಹಾಕಿದ. ಉಪ್ಪಿಟ್ಟು ಕೊಟ್ಟರೆ ಅದಕ್ಕೂ ಗೋಣು ಹಾಕಿ, ಮುಟ್ಟದೆ ಕುಳಿತ.

"ಹುಡುಗ ಮಾತಾಡೂದಿಲ್ಲೇನ್ರಿ?"

"ಮೌನವ್ರತ ರಿ," ಎಂದೆ.

ದಲಾಲಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಎದ್ದು ಬಸುವಿನ ಎದುರು ನಿಂತು ಗದ್ದಕ್ಕೆ ಕೈ ಹಚ್ಚಿದ. "ತಮ್ಮಾ, ಬಾಯಿ ತಗಿ."

ಜೀವಮಾನವೆಲ್ಲ ಎತ್ತಿನ ಹಲ್ಲು ನೋಡಿದ ಕೈ ಅದು. ಬಾಯಿ ತೆರೆಯಿತು.

"ಹೊಸಾ ಗಾಯ. ಹ್ಯಾಂಗಾತು?"

"ಜಾರಿ ಬಿದ್ದೇನ್ರಿ," ಎಂದ ಬಸು.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಏನೋ ಒಂದು ಆಗಿ ಹೋಗುತ್ತಿತ್ತು. ಆದರೆ ಹಲ್ಲಿನ ವಿಷಯ ಬಂದ ಮೇಲೆ ತಜ್ಞ ಸುಮ್ಮನಿರುತ್ತಾನೆಯೇ? "ಹಲ್ಲು ಹೋದ್ರ ಕಿಮ್ಮತ್ತು ಹೆಚ್ಚಾಗ್ತದ್ರಿ!" ಎಂದು ಗೋಡೆ ತೋರಿಸಿ, ಟಿವಿ ಹಚ್ಚಿದೆ. ನನ್ನ ಅದೃಷ್ಟಕ್ಕೆ ಸಾಕ್ಷಾತ್ ಬೊಕ್ಕಬಾಯಿಯೇ ಬಂದ. ಒಬ್ಬನ ಕೊರಳಪಟ್ಟಿ ಹಿಡಿದು ಗುದ್ದುತ್ತಿದ್ದ.

"ಆಟ ಯಾವಾಗ ಚಾಲೂ ಆಗ್ತದ್ರಿ?" ಎಂದ ದಲಾಲಿ.

"ಇದ ಆಟ ರಿ."

ಅವನು ಕಣ್ಣು ಕಿರಿದು ಮಾಡಿ ಬೊಕ್ಕಬಾಯಿಯನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಹೆಗಲು ಬೇಶ್ ಐತಿ. ಹಲ್ಲ ಇಲ್ಲ. ಮುದಿ ಮಾಲು. ಸಂತ್ಯಾಗ ಯಾರೂ ಕೇಳೂದಿಲ್ಲ."

ನನ್ನ ಮೊದಲ ಸ್ಥಾನಕ್ಕೆ ಇಂಥ ಅವಮಾನ! ಲಗ್ನ ಮರೆತೆ, ತಮ್ಮನನ್ನು ಮರೆತೆ, ವಾದಕ್ಕೆ ಇಳಿದೆ. ನನ್ನ ದನಿ ಕೇಳಿ ಮಾಸ್ತರರು ಧಾವಿಸಿ ಬಂದರು. ಬಂದವರೇ, "ಇವರ ಮಾತು ಕೇಳಬ್ಯಾಡ್ರಿ! ಮುಂಜಾನೆನ ಫೈಸಲಾ ಆಗೇತಿ! ಇವರು ಹೊಡದ ಸಿಮೆಂಟ್ ಡಬ್ಬಿ ಈ ಹುಡುಗ ಬಾಯಿಲೆ ತಡದಾನ!" ಎಂದರು.

ಟಿವಿಯಲ್ಲಿ ಇನ್ನೂ ಗುದ್ದಾಟ ನಡೆದಿತ್ತು. ಶಾಂತಾ ಹೋಗಿ ಅದನ್ನು ಬಂದ್ ಮಾಡಿದಳು. ಬಸುವಿನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ದಲಾಲಿ ಅವನ ಪಕ್ಕಕ್ಕೆ ಕುಳಿತ. "ಅಣ್ಣ ಹೊಡದಾನ ಅಂತ ಯಾಕ ಹೇಳಲಿಲ್ಲೋ ತಮ್ಮಾ?"

"ಅಂವ ನಮ್ಮ ಅಣ್ಣ ಅದಾನಲ್ರೀ."

ದಲಾಲಿ ಮೀಸೆ ತಿರುವಿದ. ಅದುವರೆಗೆ ಮುಟ್ಟದಿದ್ದ ಉಪ್ಪಿಟ್ಟಿನ ತಾಟು ಕೈಗೆತ್ತಿಕೊಂಡ. ಅದರ ಅರ್ಥ ಶಾಂತಾಗೆ ನನಗಿಂತ ಮೊದಲೇ ತಿಳಿದು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹಲ್ಲ ಕಟ್ಟಿಸಿದ್ರ ಆತು, ಇಂಥಾ ಗುಣ ಎಲ್ಲಿ ಸಿಗ್ತದ? ಹುಡಿಗೀನ ಕೊಟ್ಟಿವ್ರಿ," ಎಂದ ದಲಾಲಿ. ನಾನು ಕೈಮುಗಿಯಲು ಎದ್ದೆ. ಅವನು ನನ್ನತ್ತ ಬೊಟ್ಟು ಮಾಡಿದ. "ಆದ್ರ ಒಂದು ಮಾತು. ಕೋಡಿಲೆ ಹಾಯೂ ಎತ್ತಿನ ಬಾಜೂಕ ನಮ್ಮ ಹುಡಿಗೀನ ಕಟ್ಟೂದಿಲ್ಲ. ಹುಡುಗ ಹುಡಿಗಿ ಬ್ಯಾರೆ ಮನಿ ಮಾಡಬೇಕು."

"ಖರೇ ಐತ್ರಿ," ಎಂದಳು ಶಾಂತಾ. ಅವಳು ಇಷ್ಟು ಬೇಗ ಯಾವ ಮಾತಿಗೂ ಒಪ್ಪಿದ್ದನ್ನು ನಾನು ಕಂಡಿಲ್ಲ!

ಲಗ್ನ ಆಯಿತು. ಬಸು ಮುಂದಿನ ಓಣಿಯಲ್ಲಿ ಮನೆ ಮಾಡಿದ. ಉಡುಗೊರೆಯಾಗಿ ನಮ್ಮ ಟಿವಿ ಅವನ ಹಿಂದೆ ಹೋಯಿತು. ಕಳಿಸಿದವಳು ಯಾರೆಂದು ಹೇಳಬೇಕಿಲ್ಲ. ಗೋಡೆಯ ಮೇಲಿನ ಸೀಮೆಸುಣ್ಣವನ್ನು ಅವಳೇ ಒದ್ದೆ ಬಟ್ಟೆಯಿಂದ ಒರೆಸಿದಳು. ತಮ್ಮನಿಲ್ಲದ ಮನೆಯಲ್ಲಿ ನನಗೆ ಹೊತ್ತು ಹೋಗುವುದಿಲ್ಲ. ಮಧ್ಯಾಹ್ನವಾದರೆ ಅವನ ಮನೆಗೆ ನಡೆಯುತ್ತೇನೆ.

"ಬರ್ರಿ ಭಾವಾರ," ಎನ್ನುತ್ತಾಳೆ ಸುಮಾ, ತುಂಬ ಗೌರವದಿಂದ. ಚಹಾ ಇಡುವ ಮೊದಲು, ಅಷ್ಟೇ ಗೌರವದಿಂದ, ನನ್ನ ಕೈಯಲ್ಲಿನ ಛತ್ರಿ ಇಸಿದುಕೊಂಡು ಒಳಗೆ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಾಳೆ. ರಾತ್ರಿ ಬಸು ಅದನ್ನು ತಂದುಕೊಡುತ್ತಾನೆ, ಆದರೆ ಹೊರಡುವಾಗ ಮಳೆ ಬರುತ್ತಿದ್ದರೂ ಕೇಳುವ ಧೈರ್ಯ ನನಗಿಲ್ಲ. ನೆನೆಯುತ್ತಲೇ ಮನೆಗೆ ಬರುತ್ತೇನೆ.