ಸಿದ್ದಣ್ಣನ ಸ್ಟೀಲಿನ ತಾಟು

ಸೋಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಿದ್ದಣ್ಣನಿಗೆ ತನ್ನ ಗಿರಾಕಿಗಳ ಮೇಲೆ ಒಂದೇ ಒಂದು ತಕರಾರು: ದೀಪಾವಳಿಗೆ ಕೊಟ್ಟ ಕಾಣಿಕೆಯನ್ನು ಅವರು ತಿಂದುಬಿಡುತ್ತಾರೆ. ಹೋದ ವರ್ಷ ಚಿವಡಾ ಕೊಟ್ಟ, ತಿಂದರು. ಅದರ ಹಿಂದಿನ ವರ್ಷ ಪೇಢೆ ಕೊಟ್ಟ, ಅದನ್ನೂ ತಿಂದರು. ಬಾಯಿ ಒರೆಸಿಕೊಂಡು ಪಕ್ಕದ ಅಂಗಡಿಗೆ ಹೋಗಿ ಬಸ್ತಾ ಕಟ್ಟಿಸಿದರು. (ಬಸ್ತಾ ಎಂದರೆ ಮದುವೆ ಮನೆಯ ಒಟ್ಟು ಬಟ್ಟೆ ಖರೀದಿ. ಒಂದು ಸಿಕ್ಕರೂ ಅಂಗಡಿಯವನಿಗೆ ಆರು ತಿಂಗಳು ಸುಖನಿದ್ರೆ.) ಈ ಸಲ ತಡವಳದ ದೊಡ್ಡ ಜಮೀನುದಾರ ಪೀರಪ್ಪ ತನ್ನ ಮಗಳು ಸೋನಾಲಿಯ ಮದುವೆ ಗೊತ್ತು ಮಾಡಿದ್ದ. ಆ ಬಸ್ತಾ ಕೈತಪ್ಪಿದರೆ ತಾನು ಬದುಕಿದ್ದೂ ಸತ್ತಂತೆ ಎಂದು ಸಿದ್ದಣ್ಣ ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದ. (ಇಂಥ ಮಾತು ಬಾಯಿಬಿಟ್ಟು ಆಡಬಾರದು.)

"ಈ ಸಲ ನಾ ಶೇಂಗಾ ಚಟ್ನಿ ಕುಟ್ಟಿ ಕೊಡ್ತೀನ್ರಿ. ಬಾಟ್ಲಿ ತುಂಬಿ ಕಳಸೋಣು," ಎಂದಳು ಹೆಂಡತಿ ಲಕ್ಷ್ಮೀಬಾಯಿ.

"ಚಟ್ನಿ ಎಷ್ಟ ದಿನ ಇರ್ತದ? ಗಿರಾಕಿ ಊಟಕ್ಕ ಕುಂತಾಗೆಲ್ಲಾ ನನ್ನ ಹೆಸರ ಕಣ್ಣಿಗೆ ಬೀಳಬೇಕು. ಸ್ಟೀಲಿನ ತಾಟು ಕೊಡೂದು, ನಟ್ಟನಡುವ ನನ್ನ ಹೆಸರು!"

"ನಿಮ್ಮ ಹೆಸರಿನ ಮ್ಯಾಲ ಸಾರು ಸುರವಿಕೊಂಡು ಉಣ್ಣಬೇಕೇನು ಅವರು?"

"ನಿನಗ ಧಂದೆ ತಿಳೀತದೇನು? ನಿನ್ನ ಚಟ್ನಿ ನೀನ ಇಟ್ಕೊ."

ಲಕ್ಷ್ಮೀಬಾಯಿ ಒನಕೆ ಗೋಡೆಗೆ ಆನಿಸಿದಳು. "ಆತು. ಇವತ್ತಿಂದ ನನ್ನ ಪಾಲಿಗೆ ನೀವು ಇಲ್ಲ."

ಅಂದಿನಿಂದ ಅವಳು ಗಂಡನೊಡನೆ ಮಾತು ಬಿಟ್ಟಳು. ಅವನಿದ್ದ ಕಡೆ ನೋಡುವುದನ್ನೂ ಬಿಟ್ಟಳು.

ತಾಟಿನ ಮೇಲೆ ಹೆಸರು ಕೊರೆಯುವ ಅಮೋಲನಿಗೆ ಸಿದ್ದಣ್ಣ ತಾನೇ ಮಜಕೂರು ಬರೆದುಕೊಟ್ಟ. ಗಿರಾಕಿಗಳು ತನ್ನನ್ನು ಸದಾ ಸ್ಮರಿಸಲಿ ಎಂಬ ಘನ ಉದ್ದೇಶದಿಂದ, ತೂಕದ ಶಬ್ದವೊಂದನ್ನು ಹುಡುಕಿ ಸೇರಿಸಿದ್ದ: 'ಸಿದ್ದಣ್ಣ, ನವಿ ಪೇಠ, ಇವರ ಸ್ಮರಣಾರ್ಥ.'

ಅಮೋಲ ಚೀಟಿಯನ್ನು ಎರಡು ಸಲ ಓದಿದ. "ಕಾಕಾ, ಇದು ಹಿರ್ಯಾರ ಹೆಸರೇನ್ರಿ?"

"ಹೌದಪಾ, ನಮ್ಮ ಮುತ್ಯಾನ ಹೆಸರ. ಅದನ್ನ ನನಗ ಇಟ್ಟಾರ."

ಅಮೋಲ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಕೊರೆಯಲು ಕುಳಿತ. ಎಂಥ ಸಂಸ್ಕಾರವಂತ ಎಂದು ಸಿದ್ದಣ್ಣನಿಗೆ ಸಂತೋಷವಾಯಿತು. ತಾಟುಗಳು ಬಸ್ಸಿನಲ್ಲಿ ಊರೂರಿಗೆ ಹೋದವು.

ಮೂರನೆಯ ದಿನ ಕಂದಲಗಾಂವದ ಚನ್ನವೀರಪ್ಪನ ಫೋನು ಬಂತು. ಹಳೆಯ ಗಿರಾಕಿ.

"ಹಲೋ, ಸಿದ್ದಣ್ಣ ಮಾತಾಡಾಕತ್ತೀನ್ರಿ."

ಆ ಕಡೆ ಉಸಿರಾಟ ಮಾತ್ರ ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ "ಶಿವ ಶಿವಾ" ಎಂದು ಫೋನು ಕಟ್ಟಾಯಿತು. ಇನ್ನೂ ಇಬ್ಬರು ಹಾಗೆಯೇ ಮಾಡಿದರು. ಒಬ್ಬ ಹೆಂಗಸು ಅವನ ದನಿ ಕೇಳಿದ್ದೇ ಕಿಟಾರನೆ ಕಿರುಚಿದಳು. ಆದರೂ ಬಸ್ತಾದ ಆಸೆ ದೊಡ್ಡದು. ಮರುದಿನ ಬೆಳಿಗ್ಗೆ ಮೋಟಾರ್ ಸೈಕಲ್ ಹತ್ತಿ ತಡವಳಕ್ಕೆ ಹೊರಟ. ಅಕ್ಕಲಕೋಟದ ಹತ್ತಿರ ಎರಡೆರಡು ಸಲ ಪಂಕ್ಚರ್ ಆಗಿ, ಪೀರಪ್ಪನ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯ ಗೂಡಿನಲ್ಲಿ ಸಿದ್ದಣ್ಣನ ತಾಟನ್ನು ಆನಿಸಿ ನಿಲ್ಲಿಸಿದ್ದರು. ಅದಕ್ಕೊಂದು ಚೆಂಡುಹೂವಿನ ಮಾಲೆ. ಮುಂದೆ ಒಂದು ಎಣ್ಣೆ ದೀಪ. ಗಾಳಿಗೆ ದೀಪ ಅಲುಗಿದಾಗ ತಾಟಿನ ಮೇಲಿನ ಹೆಸರೂ ಅಲುಗುತ್ತಿತ್ತು.

ಪೀರಪ್ಪನ ತಾಯಿ ಗಂಗುಬಾಯಿ ಹೊರಗೆ ಬಂದಳು. ಅವನನ್ನು ಕಂಡು ಕೂಗಲಿಲ್ಲ, ಓಡಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ಅವ್ವಾ, ಸ್ವಲ್ಪ ನೀರ ಕೊಡ್ರಿ."

ಮುದುಕಿ ಚೊಂಬನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. "ಕುಡೀಯಪ್ಪಾ. ಏನ ಆಸಿ ಉಳದದ, ಹೇಳು."

"ಬಸ್ತಾ..." ಎಂದ ಸಿದ್ದಣ್ಣ. ದನಿ ತನ್ನದೇ ಹೌದೋ ಅಲ್ಲವೋ ಎನ್ನುವಂತಿತ್ತು.

"ಪೀರಪ್ಪ ಮುಂಜಾನೆನ ನಿಮ್ಮ ಅಂಗಡಿಗೆ ಹೋಗ್ಯಾನ. ನಿನ್ನ ಆಸಿ ತೀರತದ. ಇನ್ನ ಸಮಾಧಾನದಿಂದ ಹೋಗು ಮಗನ, ತಿರುಗಿ ನೋಡಬ್ಯಾಡ."

ಸಿದ್ದಣ್ಣ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಫೋನಿನಲ್ಲಿ ಯಾರೂ ಮಾತಾಡುವುದಿಲ್ಲ. ಹೆಂಡತಿಗೆ ತಾನು ಎಷ್ಟೋ ದಿನದಿಂದ ಕಾಣಿಸುತ್ತಿಲ್ಲ. ಮುದುಕಿ ತನ್ನನ್ನು ಕಳಿಸಿಕೊಟ್ಟ ರೀತಿಯಂತೂ ಬೀಗರನ್ನು ಕಳಿಸಿದಂತಿರಲಿಲ್ಲ. ಎರಡನೆಯ ಪಂಕ್ಚರಿನಲ್ಲಿ ಗಾಡಿ ಒಂದಿಷ್ಟು ವಾಲಿತ್ತಲ್ಲ, ಆಗೇನಾದರೂ...? ಇಳಿದು ತನ್ನ ನೆರಳು ಹುಡುಕಿದ. ಕತ್ತಲೆಯಲ್ಲಿ ಅದೂ ಇರಲಿಲ್ಲ. ಸಿದ್ದಣ್ಣನಿಗೆ ಅಳು ಬಂತು.

ಅಂಗಡಿಯ ಹಿಂದಿನ ಮನೆಯಲ್ಲಿ ಲಕ್ಷ್ಮೀಬಾಯಿ ಒಬ್ಬಳೇ ಊಟಕ್ಕೆ ಕುಳಿತಿದ್ದಳು. ಒಂದೇ ತಾಟು ಹಾಕಿಕೊಂಡಿದ್ದಳು.

"ಲಕ್ಷ್ಮೀ," ಎಂದ ಅವನು ಬಾಗಿಲಲ್ಲೇ ನಿಂತು, "ನಾ ಅದೀನೇನ?"

ಅವಳು ಅವನ ಮುಖ ದಾಟಿ ಹಿಂದಿನ ಗೋಡೆ ನೋಡಿದಳು. ಸಿದ್ದಣ್ಣ ಕುಸಿದು ಕುಳಿತ. "ತಪ್ಪಾತು. ಚಟ್ನೀನ ಕಳಸಬೇಕಾಗಿತ್ತು. ಒಂದ ಸಲ ಬೈಯ ನನಗ, ಬೈದರ ಅದೀನಂತ ತಿಳಕೋತೀನಿ."

"ಚಪ್ಪಲಿ ಕಳದು ಒಳಗ ಬರ್ಬೇಕಂತ ತಿಳಿಯೂದಿಲ್ಲೇನ್ ನಿಮಗ?" ಎಂದಳು ಲಕ್ಷ್ಮೀಬಾಯಿ.

ಅಷ್ಟು ಮಧುರವಾದ ಮಾತನ್ನು ಸಿದ್ದಣ್ಣ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಬಸ್ತಾದ ಸುದ್ದಿ ಕೇಳಿದ.

"ಪೀರಪ್ಪಣ್ಣ ಬಂದಿದ್ದರು. ತಲಿ ಬಗ್ಗಿಸಿ ಕುಂತು, 'ವೈನಿ, ಸಿದ್ದಣ್ಣ ಭಾಳ ಚೊಲೊ ಮನಶಾ' ಅಂದ್ರು. 'ಅವರ ಮಾತ ನನ್ನ ಮುಂದ ತಗೀಬ್ಯಾಡ್ರಿ' ಅಂದೆ. ಸಿಟ್ಟಿತ್ತಲ್ಲ ನನಗ! ಅವರು ಕಣ್ಣಾಗ ನೀರ ತಂದು, ದರದ ಮಾತ ಎತ್ತದ ಇಡೀ ಬಸ್ತಾ ಕಟ್ಟಿಸಿಕೊಂಡು ಹೋದ್ರು. ಆಮ್ಯಾಲ ಉಳದ ತಾಟ ತಗದು ಓದಿದಾಗ ತಿಳೀತು, ನೀವು ಸತ್ತೀರಂತ ಅವರು ತಿಳಕೊಂಡಾರ."

"ನಿನ್ನ ಹಣಿ ಮ್ಯಾಲಿನ ಕುಂಕುಮ ಕಾಣಲಿಲ್ಲೇನ್ ಅವರಿಗೆ?"

"ದುಃಖದ ಮನಿಯಾಗ ಯಾರು ತಲಿ ಎತ್ತತಾರ್ರಿ? ಹೋಗಬೇಕಾದ್ರ ಒಂದ ಬಾಟ್ಲಿ ಚಟ್ನಿ ಕೊಟ್ಟು ಕಳಿಸೀನಿ."

"ಈಗಿಂದೀಗ ಎಲ್ಲರಿಗೂ ಫೋನ್ ಹಚ್ಚಿ ನಾ ಅದೀನಂತ ಹೇಳ್ತೀನಿ!"

ಲಕ್ಷ್ಮೀಬಾಯಿ ಅವನ ಕೈಯಿಂದ ಫೋನು ಕಸಿದುಕೊಂಡಳು. "ನಾಳೆ ಕಂದಲಗಾಂವದ ಚನ್ನವೀರಪ್ಪ ಬರೋರದಾರ. ಅವರ ಮನ್ಯಾಗ ಎರಡ ಲಗ್ನ ಅದಾವ. ಅವರು ಹೋಗೂತನಕ ಮ್ಯಾಲಿನ ಖೋಲಿಯಾಗ ಸುಮ್ನ ಕೂಡ್ರಿ. ಕೆಮ್ಮಬ್ಯಾಡ್ರಿ."

ಮರುದಿನ ಸಿದ್ದಣ್ಣ ಅಟ್ಟದ ಕೋಣೆಯಲ್ಲಿ ಉಳಿದ ತಾಟುಗಳ ನಡುವೆ ಸದ್ದಿಲ್ಲದೆ ಕುಳಿತ. ಕೆಳಗಿನಿಂದ ಚನ್ನವೀರಪ್ಪ ತನ್ನನ್ನು ಹೊಗಳುವುದು ಕೇಳಿಸುತ್ತಿತ್ತು. ತಾನು ಬದುಕಿದ್ದಾಗ ಅವನು ಒಮ್ಮೆಯೂ ಹೊಗಳಿರಲಿಲ್ಲ. ಮಧ್ಯಾಹ್ನ ಲಕ್ಷ್ಮೀಬಾಯಿ ಮೆಲ್ಲಗೆ ಮೇಲೆ ಬಂದು ಊಟ ಇಟ್ಟು ಹೋದಳು. ರೊಟ್ಟಿ ಎತ್ತಿದರೆ ಅಡಿಯಲ್ಲಿ ಅವನದೇ ಹೆಸರು, ಸ್ಮರಣಾರ್ಥ. ಸಿದ್ದಣ್ಣ ಅದರ ಮೇಲೆ ಚಟ್ನಿ ಹಾಕಿಕೊಂಡು ಉಂಡ. ಚಟ್ನಿ ಬಹಳ ರುಚಿಯಾಗಿತ್ತು, ಆದರೆ ಹಾಗೆಂದು ಹೇಳಲು ಅವನು ಬಾಯಿ ತೆರೆಯುವ ಹಾಗಿರಲಿಲ್ಲ.