ಸ್ಕಾಲರ್‌ಶಿಪ್ಪಿಗೆ ಅಜ್ಜಿಯೂ ಬಂದಳು

ನಮ್ಮ ಮನೆಮಂದಿ ದೊಡ್ಡ ಮನುಷ್ಯರ ಎದುರಿಗೆ ಹೋದಾಗಲೆಲ್ಲ ನಗುವಂಥದ್ದು ಒಂದಾದರೂ ನಡೆಯದೆ ಇರುವುದಿಲ್ಲ. ನಾನು ಕಾಲೇಜಿನ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ ಬೇಸಿಗೆಯಲ್ಲಂತೂ ಒಂದರ ಹಿಂದೊಂದು ನಡೆದವು. ನಾವಿನ್ನೂ ಮದ್ರಾಸಿನ ಆಡಳಿತದಲ್ಲಿದ್ದ ಕಾಲ. ಕುರುಗೋಡಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. ನಾನು ಸಿರುಗುಪ್ಪದ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದ್ದೆ. ಬಳ್ಳಾರಿಯ ಕಾಲೇಜಿಗೆ ಹೋಗುತ್ತೇನೆ ಅಂದಾಗ ಅಪ್ಪ ಹೇಳಿದ್ದು ಇಷ್ಟೇ: "ನೀನು ಜಾಣಿ ಅಂತ ಅವರೇ ಕರಕೊಂಡ್ರ ಹೋಗು. ಇಲ್ಲಾಂದ್ರ ದೀಪಾವಳಿ ಆದಮ್ಯಾಲ ಮದುವಿ."

ನಡತೆ

ನನ್ನ ನಡತೆ ಒಳ್ಳೆಯದೆಂದು ಊರಿನ ಮುನಸೀಫರು, ಅಂದರೆ ಸರಕಾರ ನೇಮಿಸಿದ ಊರ ಮುಖ್ಯಸ್ಥರು, ಬರೆದುಕೊಡಬೇಕಿತ್ತು. ಅವರು ಬಹಳ ನಿಯತ್ತಿನ ಮನುಷ್ಯ. ವಿಚಾರಿಸದೆ ರುಜು ಹಾಕುವವರಲ್ಲ.

"ಹುಡುಗಿ ಸುಳ್ಳು ಹೇಳ್ತಾಳೇನು?" ಎಂದು ಅಪ್ಪನನ್ನೇ ಕೇಳಿದರು.

ಅಪ್ಪನೂ ನಿಯತ್ತಿನವನೇ. ಸ್ವಲ್ಪ ಯೋಚಿಸಿ, "ಹೇಳ್ತಾಳ್ರಿ. ಆದ್ರ ಪ್ರತಿ ಸಲ ಸಿಕ್ಕಿಬೀಳ್ತಾಳ," ಅಂದ.

ನನ್ನ ಕಾಲೇಜು ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಮುನಸೀಫರು ಮಸಿಯಲ್ಲಿ ಲೇಖನಿ ಅದ್ದಿದರು. "ಸುಳ್ಳು ಹೇಳಾಕ ಬರಂಗಿಲ್ಲ ಅಂದಮ್ಯಾಲ ನಡತಿ ಚಲೋನೇ ಐತಿ ಬಿಡ್ರಿ."

ಫೋಟೋ

ಅರ್ಜಿಗೆ ಫೋಟೋ ಬೇಕು. ನಮ್ಮ ವಂಶದಲ್ಲಿ ಯಾರೂ ತೆಗೆಸಿದವರಲ್ಲ. ಅಜ್ಜಿ ನನ್ನ ಜೊತೆ ಬಳ್ಳಾರಿಗೆ ಹೊರಟಳು. ಸ್ಟುಡಿಯೋದವನು ಕರೀ ಬಟ್ಟೆಯೊಳಗೆ ತಲೆ ತೂರಿಸಿದಾಗ ಇಬ್ಬರೂ ಉಸಿರು ಬಿಗಿಹಿಡಿದೆವು. ಒಂದು ಪೆಟ್ಟಿಗೆ ನನ್ನ ಮುಖವನ್ನು ಇಟ್ಟುಕೊಳ್ಳುತ್ತದೆ ಎಂಬುದು ನನಗೆ ದೇವರ ಕೆಲಸವೇ ಅನ್ನಿಸಿತು. ಅಜ್ಜಿಗೆ ಅಷ್ಟು ನಂಬಿಕೆ ಇರಲಿಲ್ಲ. ಪೆಟ್ಟಿಗೆ ಎಲ್ಲಿ ನನ್ನನ್ನೇ ಎಳೆದುಕೊಂಡೀತೋ ಎಂದು ಪಕ್ಕದಲ್ಲಿ ನಿಂತು ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದಳು.

ಫೋಟೋದಲ್ಲಿ ನಾನಿದ್ದೆ. ಭುಜದ ಮೇಲೆ ಬಳೆ ತೊಟ್ಟ ಕೈಯೂ ಇತ್ತು. ಕಾಲೇಜಿನ ಗುಮಾಸ್ತರು ಬಹಳ ಹೊತ್ತು ನೋಡಿ ಕೇಳಿದರು: "ಅರ್ಜಿ ಹಾಕಿದ್ದು ಯಾರಮ್ಮ, ಮುಖಾನೋ ಕೈಯೋ?"

ಸಂದರ್ಶನ

ಮಾರ್ಕು ನೋಡಿ ಕೆಲವರನ್ನು ಮಾತ್ರ ಸಂದರ್ಶನಕ್ಕೆ ಕರೆದಿದ್ದರು. ಹುಡುಗಿ ನಾನೊಬ್ಬಳೇ. ಗಂಡಸರ ಮುಂದೆ ಒಬ್ಬಳನ್ನೇ ಬಿಡಲಾರೆನೆಂದು ಅಜ್ಜಿಯೂ ಒಳಗೆ ಬಂದಳು. ಎಂಥ ಕೋಣೆ ಅದು. ಗೋಡೆಯುದ್ದಕ್ಕೂ ಪುಸ್ತಕ, ಮೇಲೆ ತಾನಾಗಿ ತಿರುಗುವ ಫ್ಯಾನು. ಅಂಥದ್ದನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು.

"ಇದರ ಹಗ್ಗ ಎಳಿಯಾವ ಎಲ್ಲಿ ಕುಂತಾನ?" ಅಜ್ಜಿ ನನ್ನ ಕಿವಿಯಲ್ಲಿ ಕೇಳಿದಳು.

ಮೇಜಿನಾಚೆ ಮೂವರು: ರುಮಾಲಿನ ಪ್ರಿನ್ಸಿಪಾಲರು, ಗಣಿತದ ಮೇಷ್ಟ್ರು, ಮದ್ರಾಸಿನಿಂದ ಬಂದಿದ್ದ ಸೂಟಿನ ಪ್ರೊಫೆಸರು. ಸೂಟಿನವರು ಇಂಗ್ಲಿಷಿನಲ್ಲಿ, ನೀನು ಯಾಕೆ ಓದಬೇಕು ಎಂದು ಕೇಳಿದರು. ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಫ್ಯಾನಿನ ಗಾಳಿಗೆ ಹಾರಿಹೋಯಿತು.

"ಏನು ಕೇಳಾಕತ್ಯಾರ ಲೇ?" ಅಂದಳು ಅಜ್ಜಿ. ಹೇಳಿದೆ.

"ಇಷ್ಟೇನಾ," ಎಂದವಳೇ ಅವರ ಕಡೆ ತಿರುಗಿದಳು. "ಸಾಹೇಬ್ರ, ನಿಮಗ ಹೆಣ್ಣುಮಕ್ಕಳು ಅದಾರೇನ್ರಿ?"

ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದರು. ಹಿರಿಯಳಿಗೆ ಕೂತು ಉತ್ತರ ಕೊಡಬಾರದು ಅನ್ನಿಸಿತೋ ಏನೋ. "ಒಬ್ಬಳದಾಳವ್ವ. ಸಾಲಿಗೆ ಹೋಗ್ತಾಳ," ಅಂದರು. ಗಣಿತದವರೂ ಎದ್ದರು. ಅವರಿಗಿನ್ನೂ ಮದುವೆಯೇ ಆಗಿರಲಿಲ್ಲ. "ಲಗೂನ ಮಾಡಿಕೊಳ್ರಿ," ಎಂದು ಅಜ್ಜಿ ಅವರನ್ನು ಬಿಟ್ಟಳು. ಸೂಟಿನವರಿಗೆ ಕನ್ನಡ ಬರದು. ಅಜ್ಜಿ ತೆಲುಗಿನಲ್ಲಿ ಕೇಳಿದಳು. ಅವರೂ ಎದ್ದು ನಿಂತು, ಇಬ್ಬರಿದ್ದಾರಮ್ಮ, ಓದಿಸುತ್ತಿದ್ದೇನೆ ಎಂದು ತೆಲುಗಿನಲ್ಲೇ ಒಪ್ಪಿಸಿದರು.

"ಹಂಗಾದ್ರ ಈಕಿ ಯಾಕ ಓದಬೇಕು ಅಂತ ನಿಮಗ ಗೊತ್ತೈತಿ. ಬ್ಯಾರೆ ಏನರ ಕೇಳ್ರಿ."

ಅಂಥ ಕೋಣೆಯಲ್ಲಿ ಅಂಥ ಮೂವರು ನನ್ನಜ್ಜಿಯ ಮುಂದೆ ಕೈಕಟ್ಟಿ ನಿಂತದ್ದು ಕಂಡು ನನ್ನ ಹೆದರಿಕೆ ಎತ್ತಲೋ ಹೋಯಿತು. ಅವರು ನಗುತ್ತ ಕೂತು ಬೇರೆ ಕೇಳಿದರು. ಬೋರ್ಡಿನ ಮೇಲೆ ಪ್ರಮೇಯ ಸಾಧಿಸಿದೆ, ಇಂಗ್ಲಿಷಿನಲ್ಲೇ ವಿವರಿಸಿದೆ. ಆ ಧ್ವನಿ ನನ್ನದೇ ಹೌದೋ ಅಲ್ಲವೋ ಎಂದು ನನಗೇ ಬೆರಗು.

ಕೆಲವು ದಿನಗಳ ಮೇಲೆ ಅಪ್ಪ ಅಂಗಡಿ ಮುಚ್ಚಿ ಓಡುತ್ತ ಮನೆಗೆ ಬಂದ. "ಅವ್ವಾ, ನಿನ್ನ ಮೊಮ್ಮಗಳು ಪಾಸಾದ್ಳು. ಸ್ಕಾಲರ್‌ಶಿಪ್ ಆಕಿಗೇ ಸಿಕ್ತು."

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಈಕಿ ಆಗ್ತಾಳ ಅಂತ ಗೊತ್ತಿತ್ತು ಬಿಡು. ಪಾಪ, ನನಗ ಎದ್ದುನಿಂತು ಉತ್ತರ ಹೇಳಿದ್ರಲ್ಲ, ಆ ಮೂರು ಮಂದಿ ಪಾಸಾದ್ರೇನು?"