ಸೀಟಿ ಹೊಡೆಯದ ಬಿಸ್ಕೀಟು

ಬಿಸ್ಕೀಟು ಮಾಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂಬುದು ನನ್ನ ಬಹುದಿನಗಳ ನಂಬಿಕೆ. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಸವದತ್ತಿಯ ಒಂದು ಮದುವೆ ಊಟದಲ್ಲಿ, "ಇಂಥಾ ಬಿಸ್ಕೀಟ ಮನ್ಯಾಗ ನಾನೂ ಮಾಡತೇನಿ" ಅಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದವನು ನನ್ನ ಹೆಂಡತಿ ಸುಮಂಗಲಾಳ ತಮ್ಮ ಮಲ್ಲಪ್ಪ. ರಾಮದುರ್ಗದಲ್ಲಿ ಅವನದು ಬೇಕರಿ! ಆ ಬಿಸ್ಕೀಟೂ ಅವನದೇ!

ಅಂದಿನಿಂದ ಅವನು ಬೈಲಹೊಂಗಲದ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲೂ ಬರಲಿಲ್ಲ. ಹಬ್ಬದ ದಿನ ಸುಮಂಗಲಾ ಉಂಡಿ ಕಟ್ಟುತ್ತ ಕಣ್ಣೊರೆಸಿಕೊಂಡಳು. ನಾನು ಪೇಪರ್ ಓದುವವನಂತೆ ನಟಿಸಿದೆ.

ಹೋದ ತಿಂಗಳು ಅವನ ಫೋನ್ ಬಂತು. ಮುರಗೋಡಕ್ಕೆ ಬಂದಿದ್ದಾನಂತೆ, ಸಂಜೆ ಚಹಾಕ್ಕೆ ಬರುತ್ತಾನಂತೆ.

"ಏನ್ರಿ, ನನ್ನ ತಮ್ಮ ಬರಾಕತ್ತಾನ. ಕೈ ಮುಗೀತೇನಿ, ಅಂವ ಚಾ ಕುಡದ ಹೋಗೂತನಕ ಬಾಯಿ ಮುಚ್ಚಿಕೊಂಡ ಇರ್ರಿ" ಅಂದಳು ಸುಮಂಗಲಾ.

"ಬಾಯಿ ಮುಚ್ಚತೇನಿ. ಕೈಲೆ ಮಾಡಿ ತೋರಸ್ತೇನಿ!"

ಮೈದಾ, ಬೆಣ್ಣೆ, ಸಕ್ಕರೆ ಕಲಸಿ ಲಟ್ಟಿಸುವುದು. ಮೇಲೆ ಶೇಂಗಾ ಹೋಳಿಗೆಯ ಹೂರಣ ಹರವಿ ಚಾಪೆಯಂತೆ ಸುತ್ತಿ ಕತ್ತರಿಸುವುದು. ಮೊಬೈಲಿನಲ್ಲಿ ಒಬ್ಬಾಕೆ ನಗುನಗುತ್ತ ಮಾಡಿದಳು. ನನ್ನ ಹಿಟ್ಟು ಮಾತ್ರ ಲಟ್ಟಣಿಗೆ ಬಿಟ್ಟು ಬರಲೊಲ್ಲೆ ಅಂದಿತು. ಒಣಹಿಟ್ಟು ಉದುರಿಸಿದೆ. ಇನ್ನಷ್ಟು ಉದುರಿಸಿದೆ.

ಸುಮಂಗಲಾ ಇಣುಕಿ ನೋಡಿದಳು. "ಬಿಸ್ಕೀಟ ಮಾಡಾಕತ್ತೀರೋ, ಗ್ವಾಡಿಗೆ ಸುಣ್ಣಾ ಹಚ್ಚಾಕತ್ತೀರೋ?"

ಓವನ್ ನಮ್ಮಲ್ಲಿಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ನೀರು ಹಾಕದೆ, ಮುಚ್ಚಳದ ರಬ್ಬರು ಮತ್ತು ಸೀಟಿ ತೆಗೆದು ಬೇಯಿಸಿ ಎಂದು ಮೊಬೈಲಿನಾಕೆಯ ಅಪ್ಪಣೆ. ಚಾಚೂ ತಪ್ಪದೆ ಪಾಲಿಸಿದೆ. ಸೀಟಿಯನ್ನು ನನ್ನ ಕೈಯಾರೆ ತೆಗೆದು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟೆ.

ಅಷ್ಟರಲ್ಲಿ ಮಲ್ಲಪ್ಪ ಬಂದ. ಬಗಲಲ್ಲಿ ಪೊಟ್ಟಣ, ಮುಖ ಗಂಟು. ಪಡಸಾಲೆಯಲ್ಲಿ ಕೂತು ನಮ್ಮ ಗಡಿಯಾರವನ್ನೇ ನೋಡಿದ.

"ಮಲ್ಲಪ್ಪಾ, ನಿನಗಂತ ನಾನಽ ಬಿಸ್ಕೀಟ ಮಾಡೇನಿ!"

"ಹೌದೇನ್ರಿ ಮಾವಾರ? ಯಾವಾಗ ಆಗತಾವು?"

"ಮೂರ ಸೀಟಿ ಆದ್ವಂದ್ರ ಆತು!"

ನಮ್ಮ ಮನೆಯಲ್ಲಿ ಬೇಳೆ, ಬಟಾಟೆ, ಅನ್ನ, ಎಲ್ಲಕ್ಕೂ ಸೀಟಿಯದೇ ಲೆಕ್ಕ. ಬಿಸ್ಕೀಟಿಗೆ ಬೇರೆ ಕಾಯಿದೆ ಇದ್ದೀತೆಂದು ನನಗೆ ಹೊಳೆಯಲೇ ಇಲ್ಲ. ಮಳೆಯ ವಿಚಾರ ಮಾತಾಡಿದೆವು. ಸೀಟಿ ಆಗಲಿಲ್ಲ. ಗೋವಿನಜೋಳದ ವಿಚಾರ ಮಾತಾಡಿದೆವು. ಸೀಟಿ ಆಗಲಿಲ್ಲ! ಮಲ್ಲಪ್ಪನ ಮೂಗು ಅರಳಿತು.

"ಏನೋ ಸುಟ್ಟ ವಾಸನಿ ಬರಾಕತ್ತೇತಿ."

"ಬಾಜೂ ಮನ್ಯಾವರು ಕಸಾ ಸುಡಾಕತ್ತಾರ" ಅಂದೆ ಗಂಭೀರವಾಗಿ.

ಒಳಗಿನಿಂದ "ಅಯ್ಯ ಶಿವನ!" ಎಂದು ಸುಮಂಗಲಾ ಕೂಗಿದಳು. ಮಲ್ಲಪ್ಪ ಹೊಗೆಯೊಳಗೆ ನುಗ್ಗಿ ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆದು, ಮುಚ್ಚಳ ಎತ್ತಿದ. ಒಳಗೆ ಇದ್ದಿಲು, ಸುರುಳಿ ಸುರುಳಿಯಾದ ಇದ್ದಿಲು. ಇನ್ನು ಈ ಜನ್ಮದಲ್ಲಿ ಇವನು ಮನೆಗೆ ಬರುವುದಿಲ್ಲ ಎಂದುಕೊಂಡೆ. ಅವನ ಕಣ್ಣು ಭರಣಿಯ ಕಡೆ ಹೋಯಿತು. ಸೀಟಿ ಎತ್ತಿ ಹಿಡಿದ.

"ಮಾವಾರ, ಸೀಟಿ ಇಲ್ಲೈತಿ. ನೀವು ಹಾದಿ ಕಾಯಾಕತ್ತಿದ್ದು ಯಾವ ಸೀಟಿದು?"

ಆಮೇಲೆ ಅವನು ನಕ್ಕ ನಗು! ಹೊಟ್ಟೆ ಹಿಡಿದು ಅಡುಗೆಮನೆಯ ನೆಲದ ಮೇಲೇ ಕೂತ. ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು, ಈ ಸಲ ನಕ್ಕು ನಕ್ಕು. ಅವನು ತಂದ ಪೊಟ್ಟಣ ಬಿಚ್ಚಿದರೆ ಹೂರಣ ತುಂಬಿದ ಸುರುಳಿ ಬಿಸ್ಕೀಟು, ಅವನ ಬೇಕರಿಯವೇ. ನಾನು ತಿನ್ನುವುದಕ್ಕಷ್ಟೇ ಬಾಯಿ ತೆರೆದೆ.

"ಬರೂ ಪಂಚಮಿಗೆ ಕರಿಯಾಕ ಬರತೇನಿ ಅಕ್ಕಾ" ಅಂದು ಹೊರಟ.

ಈಗ ಅವನು ಫೋನ್ ಮಾಡಿದರೆ ನಮಸ್ಕಾರ ಹೇಳುವುದಿಲ್ಲ. ಮೂರು ಸಲ ಸೀಟಿ ಹೊಡೆಯುತ್ತಾನೆ. ಅದನ್ನು ಕೇಳಿ ಒಳಗಿನಿಂದ ಸುಮಂಗಲಾ ಕೂಗುತ್ತಾಳೆ: "ಇಳಸ್ರಿ, ಬೆಂದಾವು!"